ತಾಯಿಯನ್ನು ಮರೆತ ಕಲಮು

ಕಥೆ, ಕವನಗಳ ವಿಮರ್ಶೆ ಬರುವ ಈ ಪುಟದಲ್ಲಿ ಕಾಯ್ದೆಯೊಂದರ ಕಲಮನ್ನು ಎತ್ತಿಕೊಂಡಿದ್ದಕ್ಕೆ ವಾಚಕರು ಕ್ಷಮಿಸಬೇಕು. ಕಡತ ಓದುವುದೇ ಉದ್ಯೋಗವಾದ ನನ್ನಂಥ ಗುಮಾಸ್ತನಿಗೆ ಅದೂ ಒಂದು ಬರಹವೇ. ಮಕ್ಕಳು ಹೊರದೇಶದಲ್ಲಿರುವ ನಮ್ಮ ಸದಸ್ಯರ ಮನೆಗಳಿಗೂ ಅದು ಸಂಬಂಧಿಸಿದ್ದು.

೧೯೫೫ರ ಪೌರತ್ವ ಕಾಯ್ದೆಯ ೪ನೇ ಕಲಮು ವಂಶದಿಂದ ಬರುವ ಪೌರತ್ವವನ್ನು ಕುರಿತದ್ದು. ಅದರ ಮೂಲ ರೂಪದಲ್ಲಿ, ಹೊರದೇಶದಲ್ಲಿ ಹುಟ್ಟಿದ ಮಗುವಿನ ತಂದೆ ಭಾರತೀಯನಾಗಿದ್ದರೆ ಮಗುವೂ ಭಾರತೀಯ. ತಂದೆಯೂ ಹೊರಗೆ ಹುಟ್ಟಿ ವಂಶದಿಂದಷ್ಟೇ ಪೌರನಾಗಿದ್ದರೆ, ಒಂದು ವರ್ಷದೊಳಗೆ ನಮ್ಮ ದೂತಾವಾಸದಲ್ಲಿ ಮಗುವಿನ ಜನನ ನೋಂದಣಿಯಾಗಬೇಕು. ತಂದೆ ಸರಕಾರಿ ನೌಕರನಾದರೆ ಅದೂ ಬೇಡ. ನೌಕರನನ್ನು ನೆನೆದ ಕಲಮು ಹೆತ್ತ ತಾಯಿಯನ್ನು ನೆನೆಯಲಿಲ್ಲ!

೧೯೯೨ರ ತಿದ್ದುಪಡಿ ತಾಯಿಯನ್ನೂ ಸೇರಿಸಿತು, ಆದರೆ ಆ ವರ್ಷದ ಡಿಸೆಂಬರ್ ೧೦ರಿಂದೀಚೆಗೆ ಹುಟ್ಟಿದವರಿಗೆ ಮಾತ್ರ. ತಾಯಿ ಭಾರತದಲ್ಲೇ ಹುಟ್ಟಿದ ಭಾರತೀಯಳು, ತಂದೆ ಪರದೇಶದವನು ಎನ್ನೋಣ. ಹೊರದೇಶದಲ್ಲಿ ೧೯೯೧ರಲ್ಲಿ ಹುಟ್ಟಿದ ಅಣ್ಣನಿಗೆ ಈ ಕಲಮಿನಲ್ಲಿ ಜಾಗವಿಲ್ಲ. ೧೯೯೩ರಲ್ಲಿ ಹುಟ್ಟಿದ ತಂಗಿ ಭಾರತೀಯಳು. ತಪ್ಪನ್ನು ಒಪ್ಪಿಕೊಂಡ ಮೇಲೆ ಅರ್ಧ ಮಾತ್ರ ತಿದ್ದುವುದು ಎಂಥ ನ್ಯಾಯ?

೨೦೦೪ರ ಡಿಸೆಂಬರ್ ೩ರಿಂದ ಹೊರಗೆ ಹುಟ್ಟುವ ಎಲ್ಲರಿಗೂ ವರ್ಷದೊಳಗಿನ ನೋಂದಣಿ ಕಡ್ಡಾಯ. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು. ಅವಧಿ ಮೀರಿದರೆ ಕೇಂದ್ರ ಸರಕಾರದ ಅನುಮತಿ ಬೇಕು. ಅದು ಯಾವ ಕಾರಣಕ್ಕೆ ಸಿಗುತ್ತದೆಂದು ಕಲಮು ಹೇಳುವುದಿಲ್ಲ.

ದಾಖಲೆ ಬೇಡವೆನ್ನುವವನಲ್ಲ ನಾನು. ನನ್ನ ಅನ್ನವೇ ಅದು. ಆದರೆ ಹಿರಿಯರ ಮರೆವಿಗೆ ಹಸುಗೂಸು ದಂಡ ತೆರಬಾರದು. ಕಲಮು ತಿದ್ದುವವರು ತಿದ್ದಲಿ. ಅಲ್ಲಿಯವರೆಗೆ, ಹೊರದೇಶದಲ್ಲಿ ಮೊಮ್ಮಗು ಹುಟ್ಟಿದ ಸುದ್ದಿ ಬಂದಾಗ ಹೆಸರೇನೆಂದು ಕೇಳುವುದರ ಜೊತೆಗೆ ನೋಂದಣಿಯಾಯಿತೇ ಎಂದೂ ಕೇಳಿರಿ.