ಹಣ್ಣಾಗುವ ಮುನ್ನ ಬೆಲೆ ಕಟ್ಟಬೇಡಿ

1986-87ರ ಸುಮಾರಿಗೆ ಭಾಲ್ಕಿಯ ನಮ್ಮ ಓಣಿಯಲ್ಲಿ ಟಿ.ವಿ. ಇದ್ದ ಮನೆಗಳು ಬೆರಳೆಣಿಕೆಯಷ್ಟು. ದೂರದರ್ಶನದಲ್ಲಿ ‘ಮಾಲ್ಗುಡಿ ಡೇಸ್’ ಬರುವ ಹೊತ್ತಿಗೆ ಆ ಮನೆಗಳ ಪಡಸಾಲೆ ತುಂಬಿಹೋಗುತ್ತಿತ್ತು. ಗಡಿನಾಡಿನವರಾದ ನಮಗೆ ಅದರ ಹಿಂದಿ ತೊಡಕೆನಿಸಲಿಲ್ಲ. ಸ್ವಾಮಿ ಎಂಬ ಪುಟ್ಟ ಹುಡುಗನನ್ನು ನಾವೆಲ್ಲ ಮನೆಯ ಮಗುವೆಂದೇ ಬಗೆದೆವು. ಆ ಪಾತ್ರ ವಹಿಸಿದ ಮಾಸ್ಟರ್ ಮಂಜುನಾಥ್ ಕೀರ್ತಿಯೊಡನೆ ಹೇಗೆ ನಡೆದುಕೊಂಡರು ಎಂಬುದು ಇಂದಿನ ತಂದೆತಾಯಿಗಳು ವಿಚಾರ ಮಾಡತಕ್ಕ ಸಂಗತಿಯಾಗಿದೆ.

ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದರು. ಸ್ವಾಮಿಯ ತಂದೆಯಾಗಿ ಗಿರೀಶ್ ಕಾರ್ನಾಡ್ ಅಭಿನಯಿಸಿದರು. ಅಂತಹ ಪ್ರೌಢ ನಟರ ಎದುರು ನಿಂತ ಬಾಲಕ ಎಲ್ಲಿಯೂ ನೋಡುಗರ ಮೆಚ್ಚುಗೆ ಬೇಡಿದಂತೆ ಕಾಣುವುದಿಲ್ಲ. ಅವನ ಭಯ ತಂದೆಗೆ ಸಲ್ಲುತ್ತದೆ, ಸ್ನೇಹ ಗೆಳೆಯರಿಗೆ ಸಲ್ಲುತ್ತದೆ. ಕ್ಯಾಮೆರಾಕ್ಕೆಂದು ಬೇರೆಯಾಗಿ ಏನೂ ಉಳಿಯುವುದಿಲ್ಲ. ಈ ಅಭಿನಯದ ನಿಜವಾದ ಗುಣ ಇದೇ ಎಂದು ನನ್ನ ಅಭಿಪ್ರಾಯ. ‘ಸ್ವಾಮಿ’ ಚಲನಚಿತ್ರಕ್ಕಾಗಿ ಅವರಿಗೆ 1987ರ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿಯೂ ದೊರೆಯಿತು.

1990ರ ‘ಅಗ್ನಿಪಥ್’ ಹಿಂದಿ ಚಿತ್ರದಲ್ಲಿ ಅಮಿತಾಭ್ ಬಚ್ಚನ್ನರ ಪಾತ್ರದ ಬಾಲ್ಯವನ್ನು ಅಭಿನಯಿಸಿದವರೂ ಇವರೇ. ಹೀಗೆ ಬಾಗಿಲು ತೆರೆದಿದ್ದಾಗಲೇ ಅವರು ನಟನೆಯಿಂದ ಹಿಂದೆ ಸರಿದು, ಓದು ಮುಗಿಸಿ, ಸಾರ್ವಜನಿಕ ಸಂಪರ್ಕದ ಉದ್ಯೋಗ ಹಿಡಿದರು. ಖ್ಯಾತಿ ಕಂಡವರ ನೆನಪುಗಳು ಸಾಮಾನ್ಯವಾಗಿ ಎರಡು ಬಗೆ: ಜಗತ್ತು ಮರೆತಿತೆಂಬ ಕೊರಗು, ಇಲ್ಲವೆ ತನ್ನಂಥವರಿಲ್ಲವೆಂಬ ಹೆಮ್ಮೆ. ಮಂಜುನಾಥ್ ಅವರ ಮಾತುಗಳಲ್ಲಿ ಎದ್ದು ಕಾಣುವುದು 1990ರಲ್ಲಿ ಅಗಲಿದ ಶಂಕರ್ ನಾಗ್ ಅವರ ಮೇಲಿನ ಕೃತಜ್ಞತೆ.

ಪ್ರತಿಭೆ ಇದ್ದೂ ಕಲೆಯನ್ನು ಬಿಡುವುದು ನಷ್ಟವಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ‘ಸಿಹಿಕಹಿ’ ಹಾಸ್ಯ ಧಾರಾವಾಹಿಯ ಹೆಸರನ್ನೇ ತಮ್ಮ ಹೆಸರಾಗಿ ಪಡೆದ ಚಂದ್ರು ಕ್ಷೇತ್ರ ಬಿಡಲಿಲ್ಲ. ‘ಪಾಪ ಪಾಂಡು’ವನ್ನು ತೆರೆಗೆ ತಂದರು, ಮುಂದೆ ಅಡುಗೆ ಕಾರ್ಯಕ್ರಮದಿಂದಲೂ ಮನೆಮಾತಾದರು. ಹಳೆಯ ಹೆಸರಿನ ಬಡ್ಡಿಯಲ್ಲಿ ಬದುಕದೆ ಹೊಸ ದುಡಿಮೆ ಮಾಡಿದರು. ಅದೂ ಗೌರವದ ದಾರಿಯೇ. ಆದುದರಿಂದ ಇರುವುದು ಲೇಸೋ ಬಿಡುವುದು ಲೇಸೋ ಎಂಬುದು ಮುಖ್ಯವಲ್ಲ. ಕೆಲಸ ಕೀರ್ತಿಯ ಆಳಾಗಬಾರದು, ಅಷ್ಟೆ.

ಇಂದು ಬೀದರ, ಭಾಲ್ಕಿ, ಔರಾದ ಎಂಬ ಭೇದವಿಲ್ಲದೆ ಮಕ್ಕಳ ಹಾಡು, ಕುಣಿತಗಳು ಮೊಬೈಲಿನಲ್ಲಿ ಹರಿದಾಡುತ್ತಿವೆ. ಎಷ್ಟು ಜನ ನೋಡಿದರೆಂದು ಮಗು ದಿನಕ್ಕೆ ಹತ್ತು ಸಲ ಕೇಳುತ್ತದೆ. ಎಣಿಸಿ ಹೇಳುವವರು ನಾವೇ. ನಮ್ಮ ಟ್ರಸ್ಟುಗಳ ಉತ್ಸವ ವೇದಿಕೆಗಳಲ್ಲಿಯೂ ಎಳೆಯರಿಗೆ ಶಾಲು ಹೊದಿಸಿ, ದೊಡ್ಡ ಬಿರುದು ಕೊಟ್ಟು ಕಳಿಸುತ್ತೇವೆ. ನಾನೂ ಅಂತಹ ವೇದಿಕೆಯಲ್ಲಿ ನಿಂತು ಚಪ್ಪಾಳೆ ತಟ್ಟಿದವನೇ. ಮರುವರ್ಷ ಆ ಮಗು ಏನಾಯಿತೆಂದು ವಿಚಾರಿಸಲಿಲ್ಲ.

ನಾರಾಯಣರ ಕಾದಂಬರಿಯಲ್ಲಿ ತಂದೆ ಸ್ವಾಮಿಗೆ ಒಂದು ಲೆಕ್ಕ ಕೊಡುತ್ತಾರೆ: ಹತ್ತು ಮಾವಿಗೆ ಹದಿನೈದು ಆಣೆಯಾದರೆ ನಾಲ್ಕಕ್ಕೆಷ್ಟು? ಉತ್ತರ ಆರು ಆಣೆ. ಹುಡುಗನಿಗೆ ಮಾತ್ರ ಆ ಮಾವು ಕಾಯೋ ಹಣ್ಣೋ ಎಂಬ ಚಿಂತೆ. ನಾವು ನಗುತ್ತೇವೆ. ನಲವತ್ತು ವರ್ಷ ತಕ್ಕಡಿ ಹಿಡಿದ ನನಗೆ ಹುಡುಗನ ಸಂದೇಹವೇ ಸರಿಯೆನಿಸುತ್ತದೆ. ಹಣ್ಣಾಯಿತೋ ಇಲ್ಲವೋ ಎಂದು ನೋಡದೆ ಬೆಲೆ ಹೇಳುವುದು ವ್ಯಾಪಾರದಲ್ಲಿಯೂ ತಪ್ಪು. ಮಕ್ಕಳ ವಿಷಯದಲ್ಲಿ ಅದು ಇನ್ನೂ ದೊಡ್ಡ ತಪ್ಪು. ಮುಂದಿನ ಉತ್ಸವದಲ್ಲಿ ಮಕ್ಕಳಿಗೆ ಬಿರುದಿನ ಬದಲು ಒಂದು ಪುಸ್ತಕವನ್ನೋ ಒಬ್ಬ ಗುರುವನ್ನೋ ಒದಗಿಸಿಕೊಡೋಣ.