ಮೂಷಿಕವೀರನೂ ಮೊಲದ ಯೋಧನೂ

ವೀರರಸಕ್ಕೆ ಉತ್ಸಾಹವು ಸ್ಥಾಯಿ. ಹಾಸ್ಯವಾದರೋ ವಿಕೃತವಾದ ವೇಷಭೂಷಣಗಳಿಂದಲೂ ನಡೆನುಡಿಗಳಿಂದಲೂ ಹುಟ್ಟತಕ್ಕದ್ದೆಂದು ಭರತನ ನಾಟ್ಯಶಾಸ್ತ್ರವು ಹೇಳುತ್ತದೆ. ಒಂದು ಕಿರುಪ್ರಾಣಿಗೆ ಮಹಾವೀರನ ವೇಷವನ್ನು ತೊಡಿಸಿದಾಗ ಈ ಎರಡು ರಸಗಳೂ ಒಂದೇ ಪಾತ್ರದಲ್ಲಿ ಕೂಡಬೇಕಾಗುತ್ತದೆ. ಕೂಡಿದರೆ ಪಾತ್ರವು ಬಾಳುತ್ತದೆ. ಕೂಡದಿದ್ದರೆ ವೇಷ ಮಾತ್ರ ಉಳಿಯುತ್ತದೆ. ಇಂತಹ ಕಥೆಗಳನ್ನು ಮಕ್ಕಳ ಕೈಗಿತ್ತು, ಅವುಗಳ ವಿಚಾರವನ್ನು ಅಲ್ಲಿಗೇ ಬಿಡುವುದು ವಾಡಿಕೆ. ಆದರೆ ಶೌರ್ಯವೆಂದರೇನೆಂಬ ಮೊದಲ ಕಲ್ಪನೆಯನ್ನು ಮಕ್ಕಳು ಪಡೆಯುವುದು ಇವುಗಳಿಂದಲೇ ಆದುದರಿಂದ, ಅವುಗಳ ಗುಣದೋಷವಿವೇಚನೆಯು ಹಿರಿಯರಿಗೂ ಸಲ್ಲುವ ಕೆಲಸವೇ ಆಗಿದೆ.

1938ರಲ್ಲಿ ಜೆರಿ ಸೀಗಲ್ ಮತ್ತು ಜೋ ಶಸ್ಟರ್ ಎಂಬ ತರುಣರಿಬ್ಬರ ಸೃಷ್ಟಿಯಾದ ಸೂಪರ್‌ಮ್ಯಾನ್ ಅಮೆರಿಕದ ಚಿತ್ರಕಥೆಯಲ್ಲಿ ಕಾಣಿಸಿಕೊಂಡನು. ಅನ್ಯಗ್ರಹದಲ್ಲಿ ಜನಿಸಿದ ಆ ವೀರನ ಅಣಕವಾಗಿ 1942ರಲ್ಲಿ ಪಾಲ್ ಟೆರಿಯವರ ಚಿತ್ರಶಾಲೆಯಿಂದ ಇಲಿಯೊಂದು ತೆರೆಗೆ ಬಂದಿತು; ಮುಂದೆ ಅದಕ್ಕೆ ಮೈಟಿ ಮೌಸ್ ಎಂಬ ಹೆಸರು ನಿಂತಿತು. ಮೊದಲ ಚಿತ್ರದಲ್ಲಿ, ಬೆಕ್ಕುಗಳ ಕಾಟಕ್ಕೆ ಸಿಕ್ಕಿದ ಈ ಇಲಿ ಒಂದು ದೊಡ್ಡ ಅಂಗಡಿಯೊಳಕ್ಕೆ ನುಗ್ಗಿ, 'ಸೂಪರ್' ಎಂಬ ಬಿರುದು ಹೊತ್ತ ಸಾಬೂನಿನಿಂದ ಮಿಂದು, ಅದೇ ಬಿರುದಿನ ಸೂಪು, ಸೆಲರಿ ಸೊಪ್ಪು, ಚೀಸುಗಳನ್ನು ಸೇವಿಸಿ ಮಹಾಬಲಶಾಲಿಯಾಗುತ್ತದೆ. ದೇವಾಂಶವೂ ಇಲ್ಲ, ತಪಸ್ಸೂ ಇಲ್ಲ; ವರಪ್ರದಾನವು ದಿನಸಿಯ ಅಂಗಡಿಯಲ್ಲಿಯೇ ನಡೆದುಹೋಗುತ್ತದೆ. ಜಾಹೀರಾತಿನ ಯುಗವನ್ನು ಇದಕ್ಕಿಂತ ಚೆನ್ನಾಗಿ ನಗೆಗೀಡುಮಾಡುವುದು ಕಷ್ಟ.

ಆದರೆ ಬಲವು ಬಂದೊಡನೆ ಇಲಿಯು ಮಾಯವಾಗುತ್ತದೆ. ಅದಕ್ಕೆ ಬಿಲವೂ ಬೇಡ, ಹಲ್ಲೂ ಬೇಡ. ಹಾರುವುದೂ ಗುದ್ದುವುದೂ ಸಾಕು. ಸೋಲಿನ ಶಂಕೆಯೇ ಇಲ್ಲದಲ್ಲಿ ಉತ್ಸಾಹಕ್ಕೆ ಎಡೆಯೆಲ್ಲಿ? ಇಸಿಡೋರ್ ಕ್ಲೈನ್ ಮೊದಲು ಕಲ್ಪಿಸಿದ್ದು ನೊಣವನ್ನು. ಅದನ್ನು ಇಲಿಯಾಗಿಸಿದವರು ಟೆರಿ. ಪ್ರಾಣಿಯನ್ನು ಅಷ್ಟು ಸುಲಭವಾಗಿ ಬದಲಿಸಲು ಸಾಧ್ಯವಾದುದೇ ಈ ಪಾತ್ರದ ಕೊರತೆಯನ್ನು ಸೂಚಿಸುತ್ತದೆ. ಮುಂದಿನ ಚಿತ್ರಗಳಲ್ಲಿ ಸಂಗೀತನಾಟಕದ ಅಣಕವನ್ನು ಬೆರೆಸಿದಾಗ ನಗೆಯು ಮರಳಿತು, ನಿಜ. ಆದರೆ ಅದು ನಾಟಕದಿಂದ ಹುಟ್ಟಿದ ನಗೆ, ಇಲಿಯಿಂದ ಹುಟ್ಟಿದ್ದಲ್ಲ.

ಕ್ಯೋಟೋದಲ್ಲಿ ಹುಟ್ಟಿ ಹವಾಯಿಯಲ್ಲಿ ಬೆಳೆದ ಸ್ಟಾನ್ ಸಕಾಯ್ ಅವರು 1984ರಲ್ಲಿ ಪ್ರಕಟಿಸಿದ 'ಉಸಾಗಿ ಯೋಜಿಂಬೊ' ಬೇರೆ ದಾರಿ ಹಿಡಿಯಿತು. ಹದಿನೇಳನೆಯ ಶತಮಾನದ ಖಡ್ಗವೀರ ಮಿಯಾಮೊಟೊ ಮುಸಾಶಿಯ ಬಾಳಿನಿಂದ ಪ್ರೇರಿತರಾದ ಸಕಾಯ್, ಒಮ್ಮೆ ಮೊಲವೊಂದನ್ನು ಬರೆದು, ಅದರ ಕಿವಿಗಳನ್ನು ಸಮುರಾಯಿಯ ಜುಟ್ಟಿನಂತೆ ಮೇಲಕ್ಕೆ ಕಟ್ಟಿದರು. ಆ ಒಂದು ಗಂಟಿನಲ್ಲಿ ಹಾಸ್ಯವೂ ವೀರವೂ ಸೇರಿದವು. ಯುದ್ಧದಲ್ಲಿ ಒಡೆಯನನ್ನು ಕಳೆದುಕೊಂಡು ಊರೂರು ಅಲೆಯುವ ಈ ಯೋಧನಿಗೆ ದಿವ್ಯಬಲವಿಲ್ಲ. ಹಸಿವುಂಟು, ಗಾಯವುಂಟು, ಅಭ್ಯಾಸದಿಂದ ಗಳಿಸಿದ ಕತ್ತಿವರಸೆಯುಂಟು. ಮೊಲತನವು ಬಹುಮಟ್ಟಿಗೆ ಕಿವಿಯಲ್ಲಿಯೇ ನಿಂತಿದೆಯೆಂದು ಆಕ್ಷೇಪಿಸಬಹುದು. ದುರ್ಗಸಿಂಹನ ಕನ್ನಡ ಪಂಚತಂತ್ರವನ್ನು ಬಲ್ಲವರಿಗೆ, ಸಿಂಹವನ್ನು ಬಾವಿಗೆ ಕೆಡಹುವ ಮೊಲವೇ ಹೆಚ್ಚು ಮೊಲವೆಂದು ತೋರೀತು. ಆದರೂ ಸಾಯಬಲ್ಲ ಜೀವವೊಂದು ಸಾವಿಗೆದುರಾಗಿ ನಿಲ್ಲುವುದರಿಂದ ಇಲ್ಲಿ ವೀರವು ಸಿದ್ಧಿಸಿದೆ.

ಇಂತಹ ಪಾತ್ರಗಳಿಗೆ ಒರೆಗಲ್ಲು ಬೇಕಾದರೆ ವಾಲ್ಮೀಕಿಯ ಸುಂದರಕಾಂಡವಿದೆ. ರಾಕ್ಷಸರು ಹನುಮಂತನನ್ನು ಅಪಹಾಸ್ಯಕ್ಕೀಡುಮಾಡಲು ಬೆಂಕಿಯಿಟ್ಟದ್ದು ಅವನ ಬಾಲಕ್ಕೆ; ಲಂಕೆಯನ್ನು ಸುಟ್ಟದ್ದೂ ಅದೇ ಬಾಲ. ನಗೆಗೆ ಗುರಿಯಾದ ಅಂಗವೇ ಪರಾಕ್ರಮಕ್ಕೆ ಸಾಧನವಾಯಿತು. ಅಷ್ಟಕ್ಕೇ ನಿಲ್ಲದೆ, ಸೀತೆಯೂ ಬೆಂದಳೋ ಎಂದು ತಲ್ಲಣಿಸಿದ ಅವನು ತನ್ನ ಕಪಿಚಾಪಲ್ಯವನ್ನು ತಾನೇ ಹಳಿದುಕೊಳ್ಳುತ್ತಾನೆ. ಸಮುದ್ರವನ್ನು ಲಂಘಿಸಿದ ಮೇಲೂ ಅವನು ಕಪಿಯಾಗಿಯೇ ಉಳಿದಿದ್ದಾನೆ. ಅವನ ಹಿರಿಮೆಯು ಅದರಿಂದ ಕುಂದಿಲ್ಲ, ಬೆಳಗಿದೆ.

ಹೊಸ ಪ್ರಾಣಿವೀರನನ್ನು ಸೃಷ್ಟಿಸಬಯಸುವ ಕಲಾವಿದನು ಅವನಿಗೆಷ್ಟು ಬಲ ಕೊಡಬೇಕೆಂಬುದಕ್ಕೆ ಮುಂಚೆ, ಅವನ ಬಾಲವನ್ನೋ ಕಿವಿಯನ್ನೋ ಏನುಮಾಡಬೇಕೆಂದು ಆಲೋಚಿಸುವುದು ಲೇಸು. ಪ್ರಾಣಿಯ ಅಲ್ಪತ್ವವನ್ನು ಅಳಿಸಿಬಿಟ್ಟರೆ ನಗೆಯೂ ಹೋಗುತ್ತದೆ, ಶೌರ್ಯವೂ ಹೋಗುತ್ತದೆ. ಓದುವ ಬಾಲಕನಿಗೆ ಉಳಿಯುವುದು ಗುದ್ದಾಟವೊಂದೇ.