ದೀಪ ಆರಿಸುವ ಮುನ್ನ

ಇರಾನಿನ ಪ್ರೇಮ ಎಂದರೆ ಲೈಲಾ–ಮಜನೂ ಎಂದುಕೊಂಡು ಅಲ್ಲಿನ ಇಂದಿನ ಲೇಖಕಿಯರ ಕಾದಂಬರಿ ಹಿಡಿದವರಿಗೆ ಮೊದಲ ಪುಟಗಳು ಸಪ್ಪೆ ಎನಿಸಬಹುದು. ವಿರಹದ ಉರಿಯಿಲ್ಲ, ಮೂರ್ಛೆಯಿಲ್ಲ. ಮಕ್ಕಳು ಶಾಲೆಯಿಂದ ಬರುತ್ತಾರೆ, ತಾಯಿ ತಿಂಡಿ ಕೊಡುತ್ತಾಳೆ. ಪುಸ್ತಕ ಮುಚ್ಚಿಡಬೇಡಿ, ಕಥೆ ಆಗಲೇ ಶುರುವಾಗಿದೆ.

ಮೊದಲಿಗೆ ಜೋಯಾ ಪೀರ್‌ಜಾದ್ ಅವರನ್ನು ಓದಿ. 2001ರಲ್ಲಿ ಬಂದ ಅವರ ಕಾದಂಬರಿ ಇಂಗ್ಲಿಷಿನಲ್ಲಿ ‘ಥಿಂಗ್ಸ್ ವಿ ಲೆಫ್ಟ್ ಅನ್‌ಸೆಡ್’ ಎಂಬ ಹೆಸರಿನಲ್ಲಿ ಸಿಗುತ್ತದೆ. 1960ರ ದಶಕದ ತೈಲನಗರಿ ಆಬಾದಾನ್. ಅರ್ಮೇನಿಯನ್ ಗೃಹಿಣಿ ಕ್ಲಾರಿಸ್. ಗಂಡ, ಒಬ್ಬ ಮಗ, ಅವಳಿ ಹೆಣ್ಣುಮಕ್ಕಳು. ಎದುರುಮನೆಗೆ ಎಮಿಲ್ ಎಂಬಾತ ಬರುತ್ತಾನೆ. ಅವನು ಪುಸ್ತಕಗಳ ಮಾತಾಡುತ್ತಾನೆ, ಅವಳ ಮಾತನ್ನೂ ಕೇಳುತ್ತಾನೆ. ನಡೆಯುವುದು ಇಷ್ಟೇ! ಆದರೆ ಇಷ್ಟು ವರ್ಷ ತನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ ಎಂಬುದು ಅವಳಿಗೆ ಹೊಳೆಯುವ ರೀತಿ ನೋಡಿ. ಅವಳ ಮನಸ್ಸು ಕಲಕಿರುವ ಹೊತ್ತಿಗೇ ಊರಿನ ಮೇಲೆ ಮಿಡತೆಗಳು ಮುಗಿಬೀಳುತ್ತವೆ. ಲೇಖಕಿ ಅದಕ್ಕೆ ವ್ಯಾಖ್ಯಾನ ಬರೆಯುವುದಿಲ್ಲ, ನೀವೂ ಅವಸರದಲ್ಲಿ ಅರ್ಥ ಹಚ್ಚಬೇಡಿ. ಇಲ್ಲಿ ಗಮನಿಸಬೇಕಾದದ್ದು ಯಾರು ಯಾರನ್ನು ಪ್ರೀತಿಸಿದರು ಎಂಬುದನ್ನಲ್ಲ. ಯಾರು ಎದ್ದು ಕಾಫಿ ಮಾಡಿದರು, ಯಾರ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂಬುದನ್ನು.

ಈ ಸಂಯಮವೆಲ್ಲ ಸೆನ್ಸಾರಿನ ಭಯ ಎನ್ನುವವರಿದ್ದಾರೆ. ಇರಾನಿನಲ್ಲಿ ಪುಸ್ತಕ ಹೊರಬರಲು ಸರ್ಕಾರದ ಅನುಮತಿ ಬೇಕು, ನಿಜ. ಆದರೆ ಇಸ್ಲಾಮಿಕ್ ಕ್ರಾಂತಿಗೆ ಹತ್ತು ವರ್ಷ ಮೊದಲೇ, 1969ರಲ್ಲಿ, ಸಿಮೀನ್ ದಾನೇಶ್ವರ್ ‘ಸವುಶೂನ್’ ಬರೆದಾಗಲೂ ಪ್ರೇಮ ಹೀಗೆಯೇ ವಸ್ತುಗಳಲ್ಲಿ ಅಡಗಿತ್ತು. ಕಾದಂಬರಿಯ ನಾಯಕಿ ಜರೀಗೆ ಗಂಡ ಯೂಸುಫ್ ಕೊಟ್ಟ ಪಚ್ಚೆಯ ಓಲೆಗಳನ್ನು ಶಿರಾಜಿನ ಗವರ್ನರನ ಮನೆಯವರು ಮಗಳ ಮದುವೆಗೆಂದು ಕೇಳಿ ಪಡೆಯುತ್ತಾರೆ, ಅವಳು ಇಲ್ಲವೆನ್ನಲಾರಳು. ದಾಂಪತ್ಯವೂ ದೇಶದ ರಾಜಕಾರಣವೂ ಆ ಒಂದು ಜೊತೆ ಓಲೆಯಲ್ಲಿ ಕೂತಿವೆ.

ಸಂಯಮ ಒಗ್ಗದವರಿಗೆ ಶಹರ್ನೂಷ್ ಪಾರ್ಸಿಪೂರ್ ಇದ್ದಾರೆ. ಅವರ ‘ಗಂಡಸರಿಲ್ಲದ ಹೆಂಗಸರು’ 1989ರಲ್ಲಿ ಬಂತು. ಅದರಲ್ಲಿ ಒಬ್ಬಳು ತೋಟದಲ್ಲಿ ತನ್ನನ್ನೇ ನೆಟ್ಟುಕೊಂಡು ಮರವಾಗುತ್ತಾಳೆ. ಕನ್ಯತ್ವದ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದದ್ದಕ್ಕೆ ಲೇಖಕಿ ಜೈಲು ಕಂಡರು.

ಇನ್ನು ಫತಾನೆ ಹಾಜ್ ಸಯ್ಯದ್ ಜವಾದಿಯವರ ‘ಬಾಮ್‌ದಾದೆ ಖುಮಾರ್’. 1995ರ ಈ ಕಾದಂಬರಿ ಬಿಸಿದೋಸೆಯಂತೆ ಖರ್ಚಾಯಿತು. ಸಿರಿವಂತರ ಮಗಳು ಬಡಗಿಯನ್ನು ಮೋಹಿಸಿ, ಹಟಹಿಡಿದು ಮದುವೆಯಾಗಿ, ನರಳುತ್ತಾಳೆ. ಮುದುಕಿಯಾದ ಮೇಲೆ ಅದನ್ನು ಸೋದರಸೊಸೆಗೆ ಎಚ್ಚರಿಕೆಯಾಗಿ ಹೇಳುತ್ತಾಳೆ. ಓಘವಿದೆ, ಒಪ್ಪುತ್ತೇನೆ. ಆದರೆ ಬಡವನ ಒರಟುತನಕ್ಕೆ ಅವನ ಕುಲವೇ ಕಾರಣ ಎಂಬ ದನಿ ನನಗೆ ಹಿಡಿಸದು. ಇರಾನಿನಲ್ಲಿಯೂ ಹಲವರಿಗೆ ಹಿಡಿಸಲಿಲ್ಲ: ಬಡಗಿಯ ಕಡೆಯಿಂದ ಅದೇ ಕಥೆ ಹೇಳುವ ಇನ್ನೊಂದು ಕಾದಂಬರಿಯೇ ಬಂತು.

ಒಂದೇ ಓದಬಲ್ಲಿರಾದರೆ ಪೀರ್‌ಜಾದ್ ಸಾಕು. ಎರಡಾದರೆ ‘ಸವುಶೂನ್’ ಕೂಡ ಓದಿ.